ಗಾಡಿ ಸತ್ತ ಮೇಲೆ ಕ್ಯಾಮೆರಾ ಆಫ್ ಮಾಡ್ಬೇಡಿ: ಹಳೇ ಟ್ರಕ್ ಸಾಯ್ಸೋ ವಿಡಿಯೋ ಮಾಡೋರಿಗೆ ಒಂದು ಬಹಿರಂಗ ಪತ್ರ

ಹಳೇ ಪಿಕಪ್ ಟ್ರಕ್‌ಗಳನ್ನ ಕಡಿಮೆ ದುಡ್ಡಿಗೆ ತಗೊಂಡು, ಅವು ಉಸಿರು ಬಿಡೋವರೆಗೂ ಓಡ್ಸಿ ವಿಡಿಯೋ ಮಾಡೋ ಗೆಳೆಯರೇ, ಅದನ್ನ ನೋಡಿ ಖುಷಿ ಪಡೋ ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ನಾನು ಗ್ಯಾರೇಜಲ್ಲಿ ಇಂಜಿನ್ ಕೆಲ್ಸ ಮಾಡೋನು. ಕೈಗೆ ಆಯಿಲ್ ಹತ್ತಿ ಇಪ್ಪತ್ತು ವರ್ಷದ ಮೇಲಾಯ್ತು. ನಿಮ್ ವಿಡಿಯೋ ನಾನೂ ನೋಡ್ತೀನಿ, ಸುಳ್ಳು ಹೇಳಲ್ಲ, ರಾತ್ರಿ ಮಲಗೋ ಮುಂಚೆ ಒಂದು ನೋಡೋಣ ಅಂತ ಶುರು ಮಾಡಿದ್ರೆ ಮೂರು ನಾಲ್ಕು ಮುಗಿದಿರುತ್ತೆ. ಅದ್ರಿಂದ ಇದು ಏನೂ ಗೊತ್ತಿಲ್ದೆ ಹೊರಗೆ ನಿಂತು ಬೈಯೋನ ಪತ್ರ ಅಂದ್ಕೋಬೇಡಿ. ನಿಮಗೆ ಗಾಡಿ ಮೇಲೆ ಪ್ರೀತಿ ಇಲ್ಲ ಅಂತಾನೂ ನಾನು ಹೇಳಲ್ಲ, ಪ್ರೀತಿ ಇಲ್ದೇ ಇರೋನು ರಾತ್ರಿ ಹನ್ನೊಂದು ಗಂಟೆಗೆ ಮಳೇಲಿ ನೆನ್ಕೊಂಡು ಕೆಟ್ಟಿರೋ ಸ್ಟಾರ್ಟರ್ ಮೋಟ್ರು ಬಿಚ್ಚಿ ಹಾಕಿ ಬೆಳಿಗ್ಗೆ ಶೂಟಿಂಗಿಗೆ ಗಾಡಿ ರೆಡಿ ಮಾಡಲ್ಲ.

ಆದ್ರೂ ಬರೀಬೇಕು ಅನ್ನಿಸ್ತು. ನೀವು ಆಯಿಲ್ ಪೂರ್ತಿ ಇಳಿಸಿ ಎಕ್ಸಲೇಟರ್ ಮೇಲೆ ಇಟ್ಟಿಗೆ ಇಡ್ತೀರ, ರೇಡಿಯೇಟರ್ ಖಾಲಿ ಮಾಡಿ ಫುಲ್ ರೇಸ್ ಕೊಡ್ತೀರ, ಚಾಸಿ ಬಗ್ಗೋವರೆಗೂ ಹಿಂದೆ ಲೋಡ್ ಹೇರ್ತೀರ, ದಿಬ್ಬದ ಮೇಲಿಂದ ಹಾರಿಸ್ತೀರ, ಓಡ್ತಾ ಇರೋ ಗಾಡಿನ ರಿವರ್ಸಿಗೆ ಹಾಕ್ತೀರ. ಕೊನೆಗೆ ಬಿಳಿ ಹೊಗೆ, ಆಮೇಲೆ ನೀಲಿ ಹೊಗೆ, ಒಳಗಿಂದ ಯಾರೋ ಸುತ್ತಿಗೇಲಿ ಬಡಿದಂಗೆ ಟಕ ಟಕ ಟಕ, ಒಂದು ದೊಡ್ಡ ಶಬ್ದ, ಎಲ್ಲರೂ ಕೇಕೆ ಹಾಕ್ತೀರ, ಅಲ್ಲಿಗೆ ವಿಡಿಯೋ ಕಟ್. ನನ್ನ ತಕರಾರು ಇರೋದು ಆ ಕಟ್ ಬಗ್ಗೆ. ಗಾಡಿ ಸತ್ತಿದ್ದು ಕಾಣಿಸ್ತು, ಯಾಕೆ ಸತ್ತಿತು ಅನ್ನೋದು ಬಾನೆಟ್ ಒಳಗೇ ಉಳ್ಕೊಂಡ್ತು, ಮಾರನೇ ದಿನ ಅದು ಹಂಗೇ ಗುಜರಿಗೆ ಹೋಯ್ತು.

ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ಹಳೇ ಗಾಡಿಗೆ ಕೊನೆ ಇದ್ದೇ ಇದೆ. ಚಾಸಿ ತುಕ್ಕು ಹಿಡಿದು ಸ್ಕ್ರೂ ಡ್ರೈವರ್ ಚುಚ್ಚಿದ್ರೆ ಒಳಗೆ ಹೋಗೋ ಸ್ಥಿತಿಗೆ ಬಂದಿರೋ ಗಾಡಿನ ನಾನೇ ಎಷ್ಟೋ ಸಲ ಗ್ಯಾಸ್ ಕಟ್ಟರಲ್ಲಿ ಕತ್ತರಿಸಿ ಗುಜರಿಗೆ ಕಳ್ಸಿದೀನಿ, ಅದು ರೋಡಲ್ಲಿ ಓಡೋದಕ್ಕಿಂತ ಗುಜರಿಗೆ ಹೋಗೋದೇ ಒಳ್ಳೇದು. ಕಬ್ಬಿಣ ವಾಪಸ್ ಕುಲುಮೆಗೆ ಹೋದ್ರೆ ಲಾಭಾನೂ ಇದೆ, ಒಂದು ಟನ್ ಗುಜರಿ ಉಕ್ಕು ಕರಗಿಸಿದ್ರೆ ಸುಮಾರು 1.4 ಟನ್ ಅದಿರು, 740 ಕೆಜಿ ಕಲ್ಲಿದ್ದಲು ಉಳಿಯುತ್ತೆ ಅನ್ನೋದು ಉಕ್ಕು ಉದ್ಯಮದವರ ಲೆಕ್ಕ. ಅದ್ರಿಂದ ಗಾಡಿ ಸಾಯ್ಸೋದೇ ಪಾಪ ಅಂತ ನಾನು ಹೇಳ್ತಾ ಇಲ್ಲ.

ಈಗ ಯಾಕೆ ಈ ಪತ್ರ ಅಂತ ಹೇಳ್ತೀನಿ. ಸ್ವಲ್ಪ ದಿನದ ಹಿಂದೆ ಒಬ್ಬ ಹುಡ್ಗ ಒಂದು ಚಿಕ್ಕ ಡೀಸೆಲ್ ಪಿಕಪ್‌ನ ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳ್ಕೊಂಡು ಬಂದ. ಗಾಡಿ ಅವರಪ್ಪಂದು, ಬಾಡಿಗೆ ಓಡ್ಸಿ ಅದ್ರಿಂದಾನೇ ಮನೆ ನಡೀತಾ ಇತ್ತು. ಸೆಲ್ಫ್ ಹೊಡೆದ್ರೆ ಟಿಕ್ ಅಂತ ಒಂದು ಶಬ್ದ ಬಿಟ್ರೆ ಏನೂ ಇಲ್ಲ. ಕ್ರಾಂಕ್, ಅಂದ್ರೆ ಪಿಸ್ಟನ್‌ಗಳು ತಿರುಗಿಸೋ ಇಂಜಿನ್ನಿನ ಮುಖ್ಯ ಶಾಫ್ಟ್, ಅದರ ಪುಲ್ಲಿಗೆ ದೊಡ್ಡ ಸ್ಪ್ಯಾನರ್ ಹಾಕಿ, ಅದಕ್ಕೆ ಪೈಪ್ ಸೇರ್ಸಿ ಇಬ್ರು ತೂಗಿದ್ರೂ ಅಲುಗಾಡ್ಲಿಲ್ಲ. ಏನಾಯ್ತಪ್ಪಾ ಅಂತ ಕೇಳ್ದೆ. "ಆಯಿಲ್ ಲೈಟು ಕೆಂಪಗೆ ಹತ್ಕೊಂಡ್ತು ಅಣ್ಣಾ, ಮನೆ ಇನ್ನು ಹತ್ತು ಕಿಲೋಮೀಟರ್ ಅಷ್ಟೇ ಇತ್ತು, ವಿಡಿಯೋದಲ್ಲಿ ಇದೇ ಥರದ ಗಾಡಿ ಆಯಿಲ್ ಇಲ್ದೇನೇ ಇಪ್ಪತ್ತು ನಿಮಿಷ ಓಡಿತ್ತಲ್ಲ, ಅದಕ್ಕೆ ಏನೂ ಆಗಲ್ಲ ಅಂದ್ಕೊಂಡೆ" ಅಂದ. ಮೋಸ ಮಾಡೋ ಹುಡ್ಗ ಅಲ್ಲ, ಸೋಮಾರಿನೂ ಅಲ್ಲ, ಕಣ್ಣಾರೆ ಕಂಡಿದ್ದನ್ನ ನಂಬಿದ ಅಷ್ಟೇ. ಅವನನ್ನ ಬೈಯೋಕೆ ನನಗೆ ಬಾಯಿ ಬರ್ಲಿಲ್ಲ.

ಚೇಂಬರ್, ಅಂದ್ರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ತೊಟ್ಟಿ ಬಿಚ್ಚಿದ್ವಿ. ಡ್ರೈನ್ ಬೋಲ್ಟಿನ ವಾಷರ್ ಹೋಗಿ ಆಯಿಲ್ ದಾರಿ ಉದ್ದಕ್ಕೂ ಸೋರಿತ್ತು, ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು, ಅದನ್ನ ಟಾರ್ಚ್ ಬೆಳಕಿಗೆ ಹಿಡಿದ್ರೆ ಮಿಣ ಮಿಣ ಅಂತ ಹೊಳೀತಾ ಇತ್ತು. ಹೊಳೀತಾ ಇದ್ದದ್ದು ಬೇರಿಂಗ್ ಪುಡಿ, ಅಂದ್ರೆ ತಿರುಗೋ ಕ್ರಾಂಕಿಗೂ ರಾಡಿಗೂ ಮಧ್ಯೆ ಕೂರೋ ತೆಳು ಲೋಹದ ಪಟ್ಟಿಯ ಪುಡಿ. ಮೂರನೇ ಸಿಲಿಂಡರಿನ ಪಿಸ್ಟನ್‌ನ ಕ್ರಾಂಕಿಗೆ ಸೇರ್ಸೋ ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚಿದಾಗ ಒಳಗೆ ಎರಡು ಅರ್ಧಚಂದ್ರದ ಥರ ಕೂತಿರಬೇಕಾದ ಬೇರಿಂಗ್ ಶೆಲ್ ಒಂದರ ಮೇಲೊಂದು ಹತ್ತಿ, ತೆಳ್ಳಗೆ ರೇಕಿನ ಥರ ಆಗಿ ಕೂತಿತ್ತು. ಮೇಲಿನ ಬೂದು ಬಣ್ಣದ ಮೆತ್ತನೆ ಲೋಹ ಕರಗಿ ಹೋಗಿ ಕೆಳಗಿನ ತಾಮ್ರದ ಕೆಂಪು ಕಾಣ್ತಾ ಇತ್ತು, ಕೆಲವು ಕಡೆ ತಾಮ್ರಾನೂ ಹೋಗಿ ಬರೀ ಉಕ್ಕು. ಕ್ರಾಂಕಿನ ಆ ಜಾಗ ನವಿಲಿನ ಕತ್ತಿನ ಹಂಗೆ ನೀಲಿ ತಿರುಗಿತ್ತು. ಉಕ್ಕು ಹಂಗೆ ನೀಲಿ ಆಗ್ಬೇಕು ಅಂದ್ರೆ ಸುಮಾರು 300 ಡಿಗ್ರಿ ಬಿಸಿ ಮುಟ್ಟಿರಬೇಕು. ಆ ಹುಡ್ಗ ಶೆಲ್ಲನ್ನ ಅಂಗೈಲಿ ಇಟ್ಕೊಂಡು ತುಂಬಾ ಹೊತ್ತು ನೋಡ್ತಾ ನಿಂತ. "ಇಷ್ಟು ತೆಳ್ಳಗಿದ್ದದ್ದಾ ಅಣ್ಣಾ ಇಡೀ ಇಂಜಿನ್ ಹಿಡ್ಕೊಂಡಿದ್ದಿದ್ದು" ಅಂತ ಕೇಳಿದ. ಹೂಂ ಕಣಪ್ಪಾ ಅಂದೆ.

ನಿಜ ಹೇಳಬೇಕು ಅಂದ್ರೆ ಹಿಡ್ಕೊಂಡಿರೋದು ಶೆಲ್ಲೂ ಅಲ್ಲ, ಶೆಲ್ಲಿಗೂ ಕ್ರಾಂಕಿಗೂ ಮಧ್ಯೆ ಇರೋ ಆಯಿಲ್ ಪದರ, ತಲೆಕೂದಲಿಗಿಂತ ಎಷ್ಟೋ ತೆಳು. ಅದು ಇರೋವರೆಗೂ ಲೋಹಕ್ಕೆ ಲೋಹ ಮುಟ್ಟೋದೇ ಇಲ್ಲ. ಅದು ಹರಿದ ಕ್ಷಣದಿಂದ ಬೇರಿಂಗಿನ ಮೇಲ್ಪದರ ಉಜ್ಜಿ ಬಿಸಿ ಆಗುತ್ತೆ, ಅದರಲ್ಲಿರೋ ಮೆತ್ತನೆ ಲೋಹ 240 ಡಿಗ್ರಿ ಹತ್ರಾನೇ ಕರಗೋಕೆ ಶುರು ಆಗುತ್ತೆ, ಕರಗಿದ್ದು ಆಯಿಲ್ ಬರೋ ತೂತನ್ನೇ ಮುಚ್ಚುತ್ತೆ, ಮುಚ್ಚಿದ ಮೇಲೆ ಹೊಸದಾಗಿ ಆಯಿಲ್ ಹಾಕಿದ್ರೂ ಅಲ್ಲಿಗೆ ತಲುಪಲ್ಲ. ಮೇಲ್ಗಡೆ ಪಿಸ್ಟನ್ ಕಥೆ ಬೇರೆ. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡೋ ಬೋರ್ ಎರಕದ ಕಬ್ಬಿಣ, ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತೆ, ಹಿಗ್ಗಿ ಬೋರಿಗೆ ಕಚ್ಕೊಳ್ಳುತ್ತೆ. ಅದನ್ನೇ ನಾವು ಇಂಜಿನ್ ಸೀಜ್ ಅನ್ನೋದು. ನಿಮ್ಮ ವಿಡಿಯೋದಲ್ಲಿ ಬರೀ ಹೊಗೆ ಆಗಿ ಕಂಡಿದ್ದರ ಒಳಗೆ ಇಷ್ಟು ದೊಡ್ಡ ಕಥೆ ಇತ್ತು.

ಆ ಹುಡ್ಗ ನೋಡಿದ ವಿಡಿಯೋ ಯಾವ್ದು ಅಂತ ಕೇಳಿ ನಾನೂ ಕೂತು ನೋಡ್ದೆ. ಅದರಲ್ಲಿ ಸುಳ್ಳು ಏನೂ ಇರ್ಲಿಲ್ಲ, ಇಂಜಿನ್ ನಿಜವಾಗ್ಲೂ ಅಷ್ಟು ಹೊತ್ತು ಓಡಿತ್ತು. ಆದ್ರೆ ಗಾಡಿ ನಿಂತ ಜಾಗದಲ್ಲಿ ನ್ಯೂಟ್ರಲಲ್ಲಿ ಓಡಿತ್ತು, ಲೋಡ್ ಇಲ್ಲ. ಬರೀ ರೇಸ್ ಆಗ್ತಿರೋ ಇಂಜಿನ್ ಎಷ್ಟೇ ಅರಚಿದ್ರೂ ಪಿಸ್ಟನ್ ಮೇಲೆ ಬೀಳೋ ಒತ್ತಡ ಕಡಿಮೆ, ಅದೇ ಇಂಜಿನ್ ಒಂದು ಟನ್ ಸಾಮಾನು ಹೊತ್ಕೊಂಡು ಏರು ಹತ್ತುವಾಗ ಒಂದೊಂದು ಬೆಂಕಿಗೂ ಬೇರಿಂಗಿಗೆ ಬೀಳೋ ಪೆಟ್ಟೇ ಬೇರೆ. ಜೊತೆಗೆ ಈಗ ತಾನೇ ಆಯಿಲ್ ಇಳಿಸಿದ ಇಂಜಿನ್ ಒಳಗೆ ಗೋಡೆಗೆಲ್ಲ ಅಂಟ್ಕೊಂಡಿರೋ ಆಯಿಲ್ ಇನ್ನೂ ಇರುತ್ತೆ. ಇದನ್ನ ನೀವು ಒಂದೇ ಒಂದು ಮಾತಲ್ಲಿ ಹೇಳಿದ್ರೆ ಸಾಕಾಗಿತ್ತು. ನೀವು ಹೇಳ್ಲಿಲ್ಲ, ಅದರ ಬದ್ಲು "ಈ ಇಂಜಿನ್‌ನ ಸಾಯ್ಸೋಕಾಗಲ್ಲ" ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ರಿ.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟಿನ ಬಗ್ಗೇನೂ ಇಲ್ಲೇ ಹೇಳ್ಬಿಡ್ತೀನಿ, ಗಾಡಿ ಓಡ್ಸೋ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಬಹುತೇಕ ಗಾಡೀಲಿ ಆ ಲೈಟ್ ತೋರ್ಸೋದು ಆಯಿಲ್ ಎಷ್ಟಿದೆ ಅಂತ ಅಲ್ಲ, ಪ್ರೆಶರ್ ಇದೆಯೋ ಇಲ್ವೋ ಅಂತ. ಓಡ್ತಾ ಇರುವಾಗ ಅದು ಹತ್ಕೊಂಡ್ತು ಅಂದ್ರೆ ಮುಂದೆ ತೊಂದ್ರೆ ಆಗುತ್ತೆ ಅಂತ ಅಲ್ಲ, ತೊಂದ್ರೆ ಆಗ್ಲೇ ಶುರು ಆಗಿದೆ ಅಂತ, ಆ ಕ್ಷಣಕ್ಕೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡ್ಬೇಕು. ಟೆಂಪರೇಚರ್ ಮುಳ್ಳಿಂದೂ ಹಂಗೇ. ನೀವು ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ನೀರು ಪೂರ್ತಿ ಇಳಿಸಿ ಓಡಿಸುವಾಗ ಮುಳ್ಳು ಮೇಲೆ ಹೋಗ್ಲಿಲ್ಲ, ಅಬ್ಬಾ ಇನ್ನೂ ಬಿಸೀನೇ ಆಗಿಲ್ಲ ಅಂತ ಆಶ್ಚರ್ಯ ಪಟ್ರಿ. ಸೆನ್ಸರ್ ಮುಳುಗಿರೋಕೆ ಒಳಗೆ ನೀರೇ ಇಲ್ವಲ್ಲ, ಗಾಳೀಲಿ ನೇತಾಡೋ ಸೆನ್ಸರ್ ಸರಿಯಾಗಿ ತೋರ್ಸಲ್ಲ, ಹೆಡ್, ಅಂದ್ರೆ ಸಿಲಿಂಡರ್‌ಗಳ ಮೇಲೆ ಕೂರೋ ಇಂಜಿನ್ನಿನ ಮುಚ್ಚಳ, ಬೆಂದು ಬಗ್ಗಿ ಹೋಗ್ತಾ ಇದ್ರೂ ಮುಳ್ಳು ತಣ್ಣಗೆ ಕೂತಿರಬಹುದು. ಅದನ್ನ ನೋಡಿದೋನು ನಾಳೆ ತನ್ನ ಗಾಡೀಲಿ ಮುಳ್ಳು ಕೆಳಗಿದೆ ಅಂತ ಧೈರ್ಯವಾಗಿ ಓಡಿಸ್ತಾನೆ.

ಈ ಆಟಕ್ಕೆಲ್ಲ ಅಪ್ಪ ಅನ್ನಿಸ್ಕೊಂಡಿರೋ ಒಂದು ಟ್ರಕ್ ನಿಮಗೆಲ್ಲ ಗೊತ್ತೇ ಇರುತ್ತೆ, 2003ರಲ್ಲಿ ಬ್ರಿಟನ್ನಿನ ಬಿಬಿಸಿಯ ಕಾರ್ ಕಾರ್ಯಕ್ರಮದವರು ಸಾಯ್ಸೋಕೆ ಹೋದ 1988ರ ಡೀಸೆಲ್ ಟೊಯೋಟಾ ಹೈಲಕ್ಸ್. ಅವರ ಕೈಗೆ ಬರೋ ಹೊತ್ತಿಗೆ ಅದು 3 ಲಕ್ಷ ಕಿಲೋಮೀಟರ್ ಓಡಿತ್ತು. ಮರಕ್ಕೆ ಗುದ್ದಿಸಿದ್ರು, ಸಮುದ್ರದ ಉಬ್ಬರದಲ್ಲಿ ಮುಳುಗಿಸಿದ್ರು, ಮೇಲಿಂದ ಕ್ಯಾರವಾನ್ (ಚಕ್ರದ ಮೇಲಿನ ಮನೆ) ಬೀಳಿಸಿದ್ರು, ಕಟ್ಟಡ ಒಡೆಯೋ ಕಬ್ಬಿಣದ ಗುಂಡಲ್ಲಿ ಹೊಡೆದ್ರು, ಬೆಂಕಿ ಹಚ್ಚಿದ್ರು, ಕೊನೆಗೆ ಸ್ಫೋಟ ಮಾಡಿ ಕೆಡವೋಕೆ ರೆಡಿ ಇದ್ದ ಸುಮಾರು 73 ಮೀಟರ್ ಎತ್ತರದ ಕಟ್ಟಡದ ತಾರಸಿ ಮೇಲಿಟ್ಟು ಕಟ್ಟಡಾನೇ ಉರುಳಿಸಿದ್ರು. ಎಲ್ಲಾ ಆದ್ಮೇಲೂ ಅದು ಸ್ಟಾರ್ಟ್ ಆಯ್ತು, ಚಾಸಿ ಬೆನ್ನು ಮುರ್ಕೊಂಡಿದ್ರೂ ಓಡ್ತು, ಆಮೇಲೆ ಅದನ್ನ ಇಂಗ್ಲೆಂಡಿನ ಬ್ಯೂಲಿ ಊರಿನ ಮೋಟಾರ್ ಮ್ಯೂಸಿಯಂನಲ್ಲಿ ಇಟ್ರು.

ಎಲ್ಲರೂ ಆ ಟ್ರಕ್ ಬಗ್ಗೆ ಮಾತಾಡ್ತಾರೆ, ನನ್ನ ಕಣ್ಣು ಇದ್ದದ್ದು ಬೇರೆ ಕಡೆ. ಸಮುದ್ರದಿಂದ ಎಳೆದು ತಂದಾಗ ಒಳಗೆಲ್ಲ ಮರಳು, ಉಪ್ಪುನೀರು, ಅಲ್ಲೊಬ್ಬ ಮೆಕ್ಯಾನಿಕ್ ಹೊಸ ಪಾರ್ಟ್ಸ್ ಹಾಕದೇ ಬರೀ ಸಾಮಾನ್ಯ ಟೂಲ್ಸ್ ಇಟ್ಕೊಂಡು ಅದನ್ನ ಮತ್ತೆ ಸ್ಟಾರ್ಟ್ ಮಾಡಿದ. ಜನ ಎದ್ದು ಕೂತಿದ್ದು ಆ ಕ್ಷಣಕ್ಕೆ. ಗಾಡಿ ಸಾಯೋದಲ್ಲ, ಗಾಡಿ ಎದ್ದೇಳೋದೇ ಆ ಇಡೀ ಕಥೆಯ ಜೀವ, ಒಡೆಯೋಕೆ ನಾಲ್ಕು ಜನ ಇದ್ರೆ ರಿಪೇರಿ ಮಾಡೋಕೆ ಒಬ್ಬ ಇದ್ದ. ಆಮೇಲೆ ಬಂದವರು ಒಡೆಯೋದನ್ನ ಮಾತ್ರ ಕಲಿತ್ರು, ಸ್ಪ್ಯಾನರ್ ಹಿಡಿದವನನ್ನ ಮರೆತ್ರು ಅನ್ನೋದು ನನ್ನ ಸಂಕಟ.

ಕಬ್ಬಿಣ ಕಬ್ಬಿಣಕ್ಕೆ ಗುದ್ದೋದನ್ನ ನೋಡೋ ಆಸೆ ಏನೂ ಇವತ್ತಿಂದಲ್ಲ. 1896ರ ಸೆಪ್ಟೆಂಬರ್ 15ಕ್ಕೆ ಅಮೆರಿಕದ ಟೆಕ್ಸಾಸಲ್ಲಿ ಒಂದು ರೈಲ್ವೆ ಕಂಪನಿ ಹಳೇ ಆಗಿದ್ದ ಎರಡು ಸ್ಟೀಮ್ ಇಂಜಿನ್‌ಗಳನ್ನ ಬಣ್ಣ ಬಳಿದು ಸಿಂಗರಿಸಿ ಎದುರು ಬದುರು ಬಿಟ್ಟು ಗುದ್ದಿಸಿತು. ಆ ಐಡಿಯಾ ಕೊಟ್ಟ ಕಂಪನಿಯ ಅಧಿಕಾರಿ ವಿಲಿಯಂ ಕ್ರಷ್ ಹೆಸರಲ್ಲೇ ಅಲ್ಲೊಂದು ಒಂದು ದಿನದ ಊರೇ ಎದ್ದಿತ್ತು. ನೋಡೋಕೆ ಟಿಕೆಟ್ ಇಲ್ಲ, ಅಲ್ಲಿಗೆ ಹೋಗೋ ರೈಲಿಗೆ ಮಾತ್ರ ದುಡ್ಡು, ಸುಮಾರು 40,000 ಜನ ಸೇರಿದ್ರು. ಬಾಯ್ಲರ್ ಸಿಡಿಯಲ್ಲ ಅಂತ ಭರವಸೆ ಕೊಟ್ಟಿದ್ರು. ಎರಡೂ ಸಿಡೀತು. ಕಬ್ಬಿಣದ ಚೂರು ಜನರ ಮೇಲೆ ಬಿದ್ದು ಕನಿಷ್ಠ ಇಬ್ರು ಸತ್ರು, ಎಷ್ಟೋ ಜನಕ್ಕೆ ಗಾಯ, ಫೋಟೋ ತೆಗೀತಿದ್ದವನ ಒಂದು ಕಣ್ಣೇ ಹೋಯ್ತು. ನಿಮ್ಮಲ್ಲಿ ಕ್ಯಾಮೆರಾ ಹಿಡಿಯೋ ಹುಡುಗರಿಗೋಸ್ಕರ ಈ ಕಥೆ ಹೇಳಿದ್ದು. ನೋಡೋಕೆ ಫ್ರೀ, ದುಡ್ಡು ಬೇರೆ ದಾರೀಲಿ ಬರುತ್ತೆ, ಹತ್ರದಿಂದ ತೋರ್ಸಿದಷ್ಟೂ ಜನ ಜಾಸ್ತಿ, ಈ ಮೂರೂ ಅವತ್ತೂ ಇತ್ತು ಇವತ್ತೂ ಇದೆ, ಹತ್ರ ನಿಲ್ಲೋನು ಯಾವಾಗ್ಲೂ ಕ್ಯಾಮೆರಾ ಹಿಡಿದೋನೇ.

ಹತ್ರ ನಿಲ್ಲೋದ್ರ ಬಗ್ಗೆ ಇನ್ನೂ ಸ್ವಲ್ಪ ಹೇಳ್ಲೇಬೇಕು. ಹಿಂದಿನ ಒಂದು ಚಕ್ರ ಕೆಸರಲ್ಲಿ ಸಿಕ್ಕೊಂಡು ಇನ್ನೊಂದು ಸುತ್ತುತ್ತಾ ಇರುವಾಗ ಎಕ್ಸಲೇಟರ್ ಅದುಮಿ ಹಿಡೀತೀರಲ್ಲ, ಸ್ಪೀಡೋಮೀಟರ್ 100 ತೋರಿಸ್ತಾ ಇದ್ರೆ ಆ ಸುತ್ತೋ ಚಕ್ರ 200ರಲ್ಲಿ ತಿರುಗ್ತಾ ಇರುತ್ತೆ. ಎರಡು ಚಕ್ರಕ್ಕೂ ಇಂಜಿನ್ ತಿರುಗು ಹಂಚೋ ಸಾಮಾನ್ಯ ಡಿಫರೆನ್ಷಿಯಲ್ ಕೆಲ್ಸ ಮಾಡೋದೇ ಹಂಗೆ, ಒಂದು ಕಡೆ ನಿಂತ್ರೆ ಅದರ ಪಾಲೂ ಇನ್ನೊಂದು ಕಡೆಗೆ ಹೋಗುತ್ತೆ. ಹಳೇ ಟೈರ್, ಪಕ್ಕದಲ್ಲೆಲ್ಲ ಸೀಳು ಬಿಟ್ಟಿರೋ ರಬ್ಬರ್, ಆ ಸ್ಪೀಡಿಗೆ ಅದು ಬಾಂಬ್ ಥರ ಸಿಡಿಯುತ್ತೆ, ಎಷ್ಟೋ ಗಾಡಿಗಳ ಮ್ಯಾನ್ಯುಯಲಲ್ಲೇ ಚಕ್ರ ಸಿಕ್ಕೊಂಡಾಗ ಗಂಟೆಗೆ 55 ಕಿಲೋಮೀಟರ್ ಮೇಲೆ ಸುತ್ತಿಸ್ಬೇಡಿ, ಹತ್ರ ಯಾರೂ ನಿಲ್ಬೇಡಿ ಅಂತ ಬರೆದಿರೋದು ಅದಕ್ಕೇ. ನಿಮ್ಮ ಒಂದು ವಿಡಿಯೋದಲ್ಲಿ ಒಬ್ಬ ತಮ್ಮ ಆ ಚಕ್ರದ ಪಕ್ಕದಲ್ಲೇ ಮಂಡಿಯೂರಿ ಫೋನ್ ಹಿಡಿದಿದ್ದ, ಅದನ್ನ ನೋಡಿ ನನ್ನ ಎದೆ ಝಲ್ ಅಂತು.

ಗೇರ್‌ಬಾಕ್ಸಿಂದ ಹಿಂದಿನ ಚಕ್ರಕ್ಕೆ ತಿರುಗು ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಜಾಯಿಂಟ್ ಮುರಿದ್ರೆ ಶಾಫ್ಟ್ ತುದಿ ಕೆಳಗೆ ಬಿದ್ದು ನೆಲಕ್ಕೆ ಊರ್ಕೊಳ್ಳುತ್ತೆ, ಓಡ್ತಿರೋ ಗಾಡಿ ಹಿಂಭಾಗಾನೇ ಎತ್ತಿ ಎಸೀಬಹುದು. ಕನೆಕ್ಟಿಂಗ್ ರಾಡ್ ತುಂಡಾದ್ರೆ ಬ್ಲಾಕ್ ಒಡ್ಕೊಂಡು ಹೊರಗೆ ಬರುತ್ತೆ, ಜೊತೆಗೆ ಬರೋ ಬಿಸಿ ಆಯಿಲ್ ಸೈಲೆನ್ಸರ್ ಪೈಪ್ ಮೇಲೆ ಬಿದ್ದ್ರೆ ಬೆಂಕಿ. ಡೀಸೆಲ್ ಇಂಜಿನ್ ತನ್ನ ಆಯಿಲನ್ನೇ ಕುಡಿದು ಓಡೋಕೆ ಶುರು ಮಾಡಿದ್ರೆ ಕೀ ಆಫ್ ಮಾಡಿದ್ರೂ ನಿಲ್ಲಲ್ಲ, ಗಾಳಿ ಬರೋ ದಾರಿ ಮುಚ್ಚಿ ನಿಲ್ಲಿಸ್ಬೇಕು, ಆವಾಗ ಅಂಗೈಲಿ ಮುಚ್ಚೋಕೆ ಹೋಗ್ಬೇಡಿ ಕೈ ಎಳ್ಕೊಳ್ಳುತ್ತೆ, ಮೊದ್ಲೇ ಒಂದು ಗಟ್ಟಿ ಹಲಗೆ ರೆಡಿ ಇಟ್ಕೊಳ್ಳಿ. ಇಷ್ಟೆಲ್ಲ ನಿಮಗೆ ಗೊತ್ತಿರಬಹುದು. ನಿಮ್ಮ ವಿಡಿಯೋ ನೋಡಿ ಮನೆ ಹಿಂದಿನ ಬಯಲಲ್ಲಿ ಅದನ್ನೇ ಮಾಡೋಕೆ ಹೋಗೋ ಹದಿನಾರರ ಹುಡ್ಗನಿಗೆ ಗೊತ್ತಿರಲ್ಲ.

ಇನ್ನೊಂದು, ಯಾವ ಗಾಡಿ ಆರಿಸ್ತೀರ ಅನ್ನೋದು. ಕಡಿಮೆ ದುಡ್ಡಿಗೆ ಸಿಗ್ತು ಅಂದ್ರೆ ಕೆಲ್ಸಕ್ಕೆ ಬಾರದ್ದು ಅಂತ ಅರ್ಥ ಅಲ್ಲ. ಎಷ್ಟೋ ಸಲ ನೀವು ತಂದಿರೋ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ, ಗೇರ್ ಸಲೀಸಾಗಿ ಬೀಳುತ್ತೆ, ಬಾಡಿ ಮಾತ್ರ ಬಣ್ಣ ಹೋಗಿ ಡೆಂಟ್ ಆಗಿರುತ್ತೆ. ನೋಡಿದ ತಕ್ಷಣ ನನಗೆ ಅನ್ನಿಸೋದು, ಇದನ್ನ ತಗೊಂಡು ಬಾಡಿಗೆ ಓಡ್ಸಿ ಇನ್ನೈದು ವರ್ಷ ಸಂಸಾರ ಸಾಗಿಸೋನು ಒಬ್ಬ ಎಲ್ಲೋ ಇದ್ದ ಅಂತ. ಅಮೆರಿಕದಲ್ಲಂತೂ ಚಿಕ್ಕ ಟ್ರಕ್‌ಗಳು ಹೋದ್ರೆ ಹೋದಂಗೇ. ಹೊರಗಿಂದ ಬರೋ ಚಿಕ್ಕ ಟ್ರಕ್‌ಗೆ 1964ರಲ್ಲೇ 25 ಪರ್ಸೆಂಟ್ ಸುಂಕ ಬಿತ್ತು, ಅಲ್ಲೇ ತಯಾರಾಗ್ತಿದ್ದ ಚಿಕ್ಕ ಪಿಕಪ್ ಶೆವರ್ಲೆ ಎಸ್-10 2004ಕ್ಕೆ ನಿಂತಿತು, ಫೋರ್ಡ್ ರೇಂಜರ್ 2011ಕ್ಕೆ ನಿಂತು 2019ರಲ್ಲಿ ವಾಪಸ್ ಬಂದಾಗ ದೊಡ್ಡದಾಗಿ ಬಂತು. ಅಲ್ಲಿ ಜನ 25 ವರ್ಷ ದಾಟಿದ, 660 ಸಿಸಿ ಇಂಜಿನ್ನಿನ ಪುಟ್ಟ ಜಪಾನಿ ಟ್ರಕ್‌ಗಳನ್ನ ಹುಡುಕಿ ಹುಡುಕಿ ಹಡಗಲ್ಲಿ ತರಿಸ್ಕೊಳ್ತಾರೆ, ತೋಟದ ಕೆಲ್ಸಕ್ಕೆ. 350 ಕೆಜಿ ಹೊರೋಕೆ ಅಂತ ಮಾಡಿರೋ ಅಂಥ ಗಾಡಿ ಮೇಲೆ ಎರಡು ಟನ್ ಕಲ್ಲು ಸುರಿದು ಆಕ್ಸಲ್ ಮುರಿಯೋದು ನೋಡಿದ್ರೆ ನನಗೆ ಮಜಾ ಬರಲ್ಲ, ಹೊಟ್ಟೆ ಉರಿಯುತ್ತೆ.

ಸರ್ಕಾರಾನೇ ಇಂಜಿನ್ ಸಾಯ್ಸಿದ್ದೂ ಇದೆ. 2009ರ ಬೇಸಿಗೇಲಿ ಅಮೆರಿಕ ಸರ್ಕಾರ ಹಳೇ ಗಾಡಿ ಕೊಟ್ಟು ಹೊಸದು ತಗೊಂಡ್ರೆ ದುಡ್ಡು ಕೊಡ್ತೀವಿ ಅಂತ ಸ್ಕೀಮ್ ಮಾಡ್ತು, ಎರಡು ತಿಂಗಳೂ ಪೂರ್ತಿ ನಡೀಲಿಲ್ಲ, ಅಷ್ಟರಲ್ಲೇ ಸುಮಾರು 6.77 ಲಕ್ಷ ಗಾಡಿ ಬಂತು. ಆ ಇಂಜಿನ್ ಮತ್ತೆ ರೋಡಿಗೆ ಬರಬಾರದು ಅಂತ ಆಯಿಲ್ ಇಳಿಸಿ ಸೋಡಿಯಂ ಸಿಲಿಕೇಟ್ ದ್ರಾವಣ ಹಾಕಿ 2,000 ಆರ್‌ಪಿಎಂನಲ್ಲಿ, ಅಂದ್ರೆ ನಿಮಿಷಕ್ಕೆ 2,000 ಸುತ್ತಲ್ಲಿ, ಇಂಜಿನ್ ನಿಲ್ಲೋವರೆಗೂ ಓಡ್ಸಬೇಕು ಅಂತ ರೂಲು. ಬಿಸಿಗೆ ನೀರು ಆರಿ ಒಳಗೆಲ್ಲ ಗಾಜಿನ ಥರ ಗಟ್ಟಿಯಾಗುತ್ತೆ, ಕೆಲವೇ ನಿಮಿಷದಲ್ಲಿ ಇಂಜಿನ್ ಬಂದ್. ಚೆನ್ನಾಗಿ ಓಡೋ ಇಂಜಿನ್‌ಗಳೂ ಹಂಗೇ ಹೋದ್ವು, ನನಗೆ ಅದು ಸರಿ ಅನ್ನಿಸಿಲ್ಲ. ಆದ್ರೂ ಅಲ್ಲಿ ಮೈಲೇಜ್ ಕಡಿಮೆ ಇರೋ ಗಾಡಿ ರೋಡಿಂದ ತೆಗೀಬೇಕು ಅನ್ನೋ ಒಂದು ಕಾರಣ ಇತ್ತು, ಇಂಜಿನ್ ಬಿಟ್ಟು ಬಾಗಿಲು, ಸೀಟು, ಲೈಟು ಅಂತ ಎಷ್ಟೋ ಪಾರ್ಟ್ಸ್ ಬಿಚ್ಚಿ ಮಾರೋಕೆ ಅವಕಾಶ ಇತ್ತು. ನಿಮ್ಮ ಕೈಲಿ ಸಾಯೋ ಟ್ರಕ್ಕಿಗೆ ಅಷ್ಟಾದ್ರೂ ಮರ್ಯಾದೆ ಸಿಗಲಿ. ದಿಬ್ಬದಿಂದ ಹಾರಿಸೋ ಮುಂಚೆ ಒಂದು ಮಧ್ಯಾಹ್ನ ಕೂತು ಆಲ್ಟರ್ನೇಟರ್, ಸ್ಟಾರ್ಟರ್, ಗ್ಲಾಸು, ಬಾಗಿಲು, ಹೆಡ್‌ಲೈಟು, ಏನೇನು ಬೇಡ್ವೋ ಅದನ್ನೆಲ್ಲ ಬಿಚ್ಚಿಡಿ, ಅದೇ ಮಾಡೆಲ್ ಗಾಡಿ ಇಟ್ಕೊಂಡು ಪಾರ್ಟ್ಸ್ ಸಿಗದೇ ಒದ್ದಾಡ್ತಿರೋನಿಗೆ ಅದು ಚಿನ್ನ.

ನೆಲದ ವಿಷ್ಯ ಚಿಕ್ಕದಾಗಿ ಹೇಳ್ತೀನಿ. ಒಂದೇ ಒಂದು ಸಲ ಆಯಿಲ್ ಚೇಂಜ್ ಮಾಡಿದಾಗ ಬರೋ ಕರಿ ಆಯಿಲ್ 10 ಲಕ್ಷ ಗ್ಯಾಲನ್, ಅಂದ್ರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಇಲಾಖೆ ಹೇಳುತ್ತೆ. ಬ್ಲಾಕ್ ಒಡೆದು ಆಯಿಲ್ ಮಣ್ಣಿಗೆ ಸುರಿಯೋದನ್ನ ನೀವು ಸ್ಲೋ ಮೋಷನಲ್ಲಿ ತೋರಿಸ್ತೀರ, ಆಮೇಲೆ ಆ ಮಣ್ಣು ಏನಾಯ್ತು ಅಂತ ತೋರ್ಸಲ್ಲ. ಹಸಿರು ಕೂಲೆಂಟ್ ಇನ್ನೂ ಕೆಟ್ಟದ್ದು, ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತೆ, ನಾಯಿ ಬೆಕ್ಕು ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯುತ್ವೆ. ಬ್ಯಾಟ್ರಿಲಿ ಸೀಸ, ಆಸಿಡ್. ಒಂದು ಟ್ರೇ, ಒಂದು ಕ್ಯಾನ್, ಅರ್ಧ ಗಂಟೆ ಸಮಯ, ಇಷ್ಟು ಸಾಕು ಇದನ್ನೆಲ್ಲ ಮೊದ್ಲೇ ಇಳಿಸಿ ಇಡೋಕೆ. ಆಯಿಲ್ ಇದ್ದಾಗ್ಲೇ ಸಾಯ್ಸೋ ಆಟ ಆದ್ರೆ ಕೆಳಗೆ ಟಾರ್ಪಾಲ್ ಹಾಸಿ, ಮೇಲೆ ಮರದ ಪುಡಿ ಹರಡಿ.

ವಿಡಿಯೋ ಹಾಕೋ ಜಾಗ ನಡೆಸೋ ಕಂಪನಿಗಳಿಗೂ, ಅದಕ್ಕೆ ಜಾಹೀರಾತು ಕೊಡೋ ಆಯಿಲ್ ಟೈರ್ ಟೂಲ್ಸ್ ಕಂಪನಿಗಳಿಗೂ ಒಂದು ಮಾತು. ಈ ವಿಡಿಯೋ ತೆಗೆದುಹಾಕಿ ಅಂತ ನಾನು ಕೇಳಲ್ಲ. ನಿಮ್ಮ ದುಡ್ಡಿಂದಾನೇ ಈ ಗಾಡಿಗಳು ಬರೋದು ಹೋಗೋದು, ಅದ್ರಿಂದ ಮಾತಾಡೋ ಹಕ್ಕು ನಿಮಗಿದೆ. ಆಯಿಲ್ ಮಾರೋ ಕಂಪನಿಗೆ, ಆಯಿಲ್ ಇಲ್ದೆ ಸತ್ತ ಬೇರಿಂಗನ್ನ ಐದು ನಿಮಿಷ ಹತ್ರದಿಂದ ತೋರ್ಸಿ ಅಂತ ಒಂದು ಷರತ್ತು ಹಾಕೋಕೆ ಏನು ಕಷ್ಟ ಇದೆ ಹೇಳಿ. ಅದಕ್ಕಿಂತ ಒಳ್ಳೇ ಜಾಹೀರಾತು ಎಲ್ಲಿ ಸಿಗುತ್ತೆ ನಿಮಗೆ.

ಈಗ ವಿಡಿಯೋ ಮಾಡೋರಿಗೆ ನನ್ನ ಕೇಳಿಕೆ, ಇದೊಂದಕ್ಕೋಸ್ಕರ ಇಷ್ಟುದ್ದ ಬರೆದಿದ್ದು. ಸತ್ತ ಮೇಲೆ ಬಿಚ್ಚಿ. ಕಷ್ಟ ಇಲ್ಲ, ನೀವು ಕ್ಲಚ್ ಗೇರ್‌ಬಾಕ್ಸ್ ಇಳಿಸಿದ ಹುಡುಗರು, ನಿಮ್ಮ ಕೈಲಿ ಆಗುತ್ತೆ. ಗಾಡಿ ತಣ್ಣಗಾಗ್ಲಿ, ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಚೇಂಬರ್ ಇಳಿಸಿ, ತಳದಲ್ಲಿರೋದನ್ನ ಬಿಳಿ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದು ತೋರ್ಸಿ, ಹೊಳಪು ಬೂದಿದ್ರೆ ಏನು, ತಾಮ್ರದ ಬಣ್ಣ ಇದ್ರೆ ಏನು ಅಂತ ಹೇಳಿ. ಆಯಸ್ಕಾಂತ ಆಡ್ಸಿ, ಅಂಟಿದ್ದು ಉಕ್ಕು ಇಲ್ಲಾ ಕಬ್ಬಿಣ, ಅಂಟದೇ ಉಳಿದಿದ್ದು ಬೇರಿಂಗ್ ಇಲ್ಲಾ ಪಿಸ್ಟನ್ನು. ಆಮೇಲೆ ರಾಡ್ ಕ್ಯಾಪ್ ಒಂದೊಂದೇ ಬಿಚ್ಚಿ ಶೆಲ್‌ಗಳ ಹಿಂದೆ ಸಿಲಿಂಡರ್ ನಂಬರ್ ಬರೆದು ಸಾಲಾಗಿ ಜೋಡಿಸಿ, ಚೆನ್ನಾಗಿರೋದು ಮೊದ್ಲು, ಸುಟ್ಟಿದ್ದು ಕೊನೇಲಿ. ಹೆಡ್ ಎತ್ತಿ, ಹೆಡ್ಡಿಗೂ ಬ್ಲಾಕಿಗೂ ಮಧ್ಯೆ ಇರೋ ಗ್ಯಾಸ್ಕೆಟ್ ಪದರ ಎಲ್ಲಿ ಹೋಗಿದೆ ಅಂತ ಬೆರಳಿಟ್ಟು ತೋರ್ಸಿ, ಹೆಡ್ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಕೆಳಗಿಂದ ಬೆಳಕು ಎಷ್ಟು ತೂರುತ್ತೆ ನೋಡಿ, ಬಗ್ಗಿರೋದು ಅಲ್ಲೇ ಗೊತ್ತಾಗುತ್ತೆ. ಗಾಡಿ ಲೋಡಿಲ್ದೆ ಓಡ್ತು ಅಂದ್ರೆ ಲೋಡಿಲ್ದೆ ಓಡ್ತು ಅಂತಾನೇ ಹೇಳಿ. ಒಂದು ಗಾಡಿ ಒಂದು ಸಲ ಉಳೀತು ಅಂದ್ರೆ ಆ ಮಾಡೆಲ್ ಎಲ್ಲವೂ ಉಳಿಯುತ್ತೆ ಅಂತ ಅಲ್ಲ, ಅದನ್ನೂ ಹೇಳಿ.

ನಂಬಿ, ಜನ ನೋಡ್ತಾರೆ. ಆ ಹುಡ್ಗ ನಮ್ಮ ಗ್ಯಾರೇಜಲ್ಲಿ ಶೆಲ್ ಹಿಡ್ಕೊಂಡು ನಿಂತಿದ್ದನ್ನ ನಾನು ನೋಡಿದೀನಿ, ಯಾವ ಸ್ಫೋಟ ನೋಡುವಾಗ್ಲೂ ಯಾರ ಮುಖದಲ್ಲೂ ಅಷ್ಟು ಗಮನ ನಾನು ಕಂಡಿಲ್ಲ. ಅವರಪ್ಪನ ಗಾಡಿಗೆ ಕ್ರಾಂಕ್ ಗ್ರೈಂಡ್ ಮಾಡ್ಸಿ ದಪ್ಪ ಸೈಜಿನ ಶೆಲ್ ಹಾಕಿ, ಹಾಳಾಗಿದ್ದ ರಾಡು ಬದಲಾಯ್ಸಿ ಮೂರು ವಾರಕ್ಕೆ ಎಬ್ಬಿಸಿದ್ವಿ, ಕೆಲ್ಸದ ದುಡ್ಡು ಅವನು ಸಂಜೆ ಹೊತ್ತು ನಮ್ಮಲ್ಲೇ ದುಡಿದು ತೀರಿಸ್ತಿದಾನೆ. ಮೊದಲ ಸಲ ಸೆಲ್ಫ್ ಹೊಡೆದಾಗ ಆಯಿಲ್ ಲೈಟ್ ಆರೋವರೆಗೂ ಉಸಿರು ಹಿಡ್ಕೊಂಡು ನಿಂತಿದ್ದ. ಆರಿತು.

ಸುಟ್ಟು ತೆಳ್ಳಗಾದ ಆ ಹಳೇ ಶೆಲ್ ನನ್ನ ಬೆಂಚಿನ ಮೇಲೇ ಇದೆ. ನಿಮ್ಮಲ್ಲಿ ಯಾರಾದ್ರೂ ಮುಂದಿನ ಟ್ರಕ್ಕನ್ನ ಸಾಯ್ಸಿದ ಮೇಲೆ ಬಿಚ್ಚೋಕೆ ತಯಾರಿದ್ರೆ ಹೇಳಿ ಕಳ್ಸಿ, ಸ್ಪ್ಯಾನರ್ ಸೆಟ್ ತಗೊಂಡು ಈ ಶೆಲ್ ಜೇಬಲ್ಲಿ ಹಾಕ್ಕೊಂಡು ನಾನೇ ಬರ್ತೀನಿ, ನಿಮ್ಮದರ ಪಕ್ಕ ಇಟ್ಟು ತೋರ್ಸೋಣ.

ಇಂತಿ,
ಇಂಜಿನ್ ಕೆಲ್ಸದ ಒಬ್ಬ ಮೆಕ್ಯಾನಿಕ್